ದಿನಾ ಅಪ್ ಅಂಡ್ ಡೌನ್: ಊರಿನಿಂದ ಗಂಗೋತ್ರಿಗೆ ಓಡಾಡಿ ಓದುವವರಿಗೆ

ಮಾನಸಗಂಗೋತ್ರಿಯಲ್ಲಿ ಓದುವವರಲ್ಲಿ ಎರಡು ಪಂಗಡ. ತರಗತಿ ಮುಗಿದ ಮೇಲೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಟೀ ಕುಡಿದು, ಹಾಸ್ಟೆಲಿಗೋ ರೂಮಿಗೋ ಹೋಗುವವರದು ಒಂದು. ಕೊನೆಯ ತರಗತಿಯಲ್ಲಿ ಮೇಷ್ಟ್ರ ಮಾತಿಗೆ ತಲೆಯಾಡಿಸುತ್ತಲೇ ಒಳಗೊಳಗೆ ಬಸ್ಸಿನ ಹೊತ್ತು ಎಣಿಸುವವರದು ಇನ್ನೊಂದು. ಮಂಡ್ಯ, ಪಾಂಡವಪುರ, ನಂಜನಗೂಡು, ಚಾಮರಾಜನಗರ, ಹುಣಸೂರು, ಕೆ.ಆರ್. ನಗರ, ತಿ. ನರಸೀಪುರದ ಕಡೆಯಿಂದ ಬೆಳಗ್ಗೆ ಹೊರಟು ಸಂಜೆ ಮರಳುವ ಇವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ‘ದಿನಾ ಅಪ್ ಅಂಡ್ ಡೌನ್ ಮಾಡ್ತೀನಿ.’ ಈ ಲೇಖನ ಅವರಿಗಾಗಿ. ಹಾಗೆಯೇ, ಈ ವರ್ಷ ಸೀಟು ಸಿಕ್ಕಿ, ಮೈಸೂರಿನಲ್ಲಿ ರೂಮು ಮಾಡುವುದೋ ಊರಿನಿಂದಲೇ ಓಡಾಡುವುದೋ ಎಂದು ಮನೆಯಲ್ಲಿ ಮಾತುಕತೆ ನಡೆಸಿರುವವರಿಗಾಗಿ.

1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಇದು. ಸ್ನಾತಕೋತ್ತರ ವಿಭಾಗಗಳಿಗೆಂದು 1960ರಲ್ಲಿ ಊರಿನ ಪಶ್ಚಿಮಕ್ಕೆ ಹೊಸ ಆವರಣ ಎದ್ದಿತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಆಗ ಕುಲಪತಿಗಳಾಗಿದ್ದ ಕುವೆಂಪು. ಹುಣಸೂರು ರಸ್ತೆಯಿಂದ ಬೋಗಾದಿ ರಸ್ತೆಯವರೆಗೆ ಹರಡಿಕೊಂಡಿರುವ ಈ ಆವರಣ 700 ಎಕರೆಗೂ ಮಿಗಿಲು. ಹೊಸಬರು ಮೊದಲು ಎಡವುವುದು ಇಲ್ಲಿಯೇ. ‘ಗಂಗೋತ್ರಿ ತಲುಪಿದೆ’ ಎಂದರೆ ತರಗತಿ ತಲುಪಿದಂತಲ್ಲ. ಗೇಟಿನಿಂದ ನಿಮ್ಮ ವಿಭಾಗಕ್ಕೆ, ವಿಭಾಗದಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಕ್ಯಾಂಟೀನಿಗೆ ನಡೆಯುವುದೇ ಒಂದು ಬಾಬತ್ತು. ಮಹಾರಾಜ, ಮಹಾರಾಣಿ, ಯುವರಾಜ ಕಾಲೇಜುಗಳಲ್ಲಿ ಪದವಿ ಓದುವವರಿಗೆ ಈ ತಾಪತ್ರಯವಿಲ್ಲ. ಅವು ಊರ ನಡುವೆಯೇ ಇವೆ.

ಓಡಾಟದವರ ಬಗ್ಗೆ ಯಾರೇ ಮಾತಾಡಿದರೂ ಬಸ್ಸು ರೈಲಿನಲ್ಲಿ ಹೋಗುವ ಎರಡು ಮೂರು ಗಂಟೆಯ ಲೆಕ್ಕವನ್ನೇ ಹೇಳುತ್ತಾರೆ. ಆ ಗಂಟೆಗಳು ಹೋಗುವುದು ಹೌದು. ಆದರೆ ನಾನು ಕಂಡಂತೆ ಓದು ಸೋರಿಹೋಗುವುದು ಹೆಚ್ಚಾಗಿ ಕ್ಯಾಂಪಸ್ಸಿನ ಒಳಗೆ: ಎರಡು ತರಗತಿಗಳ ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ಕಳೆಯುವ ಹೊತ್ತಿನಲ್ಲಿ, ಸಂಜೆಯ ಮೇಲೆ ನಡೆಯುವ ಎಲ್ಲದರಿಂದ ದೂರ ಉಳಿಯುವುದರಲ್ಲಿ. ಪ್ರಯಾಣವನ್ನು ಚುರುಕು ಮಾಡಲು ನಮ್ಮ ಕೈಯಲ್ಲಿ ಇರುವುದು ಕಡಿಮೆ. ಗಂಗೋತ್ರಿಯಲ್ಲಿ ಒಂದು ನೆಲೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ದೂರವನ್ನು ಬಾಗಿಲಿನಿಂದ ಬಾಗಿಲಿಗೆ ಅಳೆಯಿರಿ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ‘ಮುಕ್ಕಾಲು ಗಂಟೆ ದಾರಿ, ಏನು ಮಹಾ’ ಎಂದು ಮನೆಯಲ್ಲಿ ಹೇಳುವುದುಂಟು. ಅದು ಕಾರಿನವರ ಲೆಕ್ಕ. ನಿಮ್ಮ ಲೆಕ್ಕ ಬೇರೆ: ಹಳ್ಳಿಯಿಂದ ಮಂಡ್ಯಕ್ಕೆ ಬರುವುದು, ಬಸ್ಸಿಗೆ ಕಾಯುವುದು, ಮೈಸೂರಿನ ಸಬ್‌ಅರ್ಬನ್ ಬಸ್ ನಿಲ್ದಾಣದಲ್ಲಿ ಇಳಿಯುವುದು, ಅಲ್ಲಿಂದ ಅರಮನೆ ಬಳಿಯ ಸಿಟಿ ಬಸ್ ನಿಲ್ದಾಣಕ್ಕೆ ನಡೆಯುವುದು, ಏಕೆಂದರೆ ಎರಡೂ ಬೇರೆ ಬೇರೆ ಜಾಗ, ಮತ್ತೆ ಗಂಗೋತ್ರಿಯ ಬಸ್ಸಿಗೆ ಕಾಯುವುದು, ಕೊನೆಗೆ ಗೇಟಿನಿಂದ ನಡೆಯುವುದು. ಸೀಟು ಖಚಿತವಾಗುವ ಮೊದಲೇ ಒಂದು ಸೋಮವಾರ, ತರಗತಿ ಶುರುವಾಗುವ ಹೊತ್ತಿಗೆ ವಿಭಾಗದ ಬಾಗಿಲಲ್ಲಿ ನಿಲ್ಲುವಂತೆ ಊರಿನಿಂದ ಹೊರಟು ನೋಡಿ. ಭಾನುವಾರ ಹೋಗಿ ನೋಡಿ ಬಂದರೆ ಏನೂ ತಿಳಿಯುವುದಿಲ್ಲ.

ನನ್ನ ಅಂದಾಜು ಹೀಗೆ. ಬಾಗಿಲಿನಿಂದ ಬಾಗಿಲಿಗೆ ಒಂದೂಕಾಲು ಗಂಟೆಯೊಳಗಾದರೆ ಓಡಾಟ ಆರಾಮ. ಎರಡು ಗಂಟೆ ಹತ್ತಿರವಾದರೆ ಮೊದಲ ಸೆಮಿಸ್ಟರ್ ಹುರುಪಿನಲ್ಲಿ ಕಳೆಯುತ್ತದೆ, ಎರಡನೆಯದರಲ್ಲಿ ಮೈ ಸೋಲುತ್ತದೆ. ಅದಕ್ಕೂ ಮೀರಿದರೆ ರೂಮು, ಪಿ.ಜಿ., ಹಾಸ್ಟೆಲ್ ಯಾವುದಾದರೂ ಒಂದನ್ನು ಹುಡುಕುವುದೇ ಲೇಸು. ನಡುವಿನ ದಾರಿಯೂ ಇದೆ, ಮಧ್ಯಮ ದೂರದ ಎಷ್ಟೋ ಮಂದಿ ಹಾಗೆಯೇ ನಿಭಾಯಿಸುತ್ತಾರೆ: ಸೋಮವಾರ ಬಂದು ವಾರದ ನಡುವೆ ಒಂದೆರಡು ರಾತ್ರಿ ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಚಿಕ್ಕಮ್ಮನ ಮನೆಯಲ್ಲಿ ತಂಗಿ, ಉಳಿದ ದಿನ ಊರು. ಚಿಕ್ಕಮ್ಮನ ಮನೆಯಲ್ಲಿ ಉಳಿಯುವವರು ಬರಿಗೈಯಲ್ಲಿ ಹೋಗಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನಕಾಯಿ, ಒಂದಿಷ್ಟು ಸೊಪ್ಪು, ಅವರೆ ಕಾಲದಲ್ಲಿ ಅವರೆಕಾಯಿ, ಇಷ್ಟು ಸಾಕು ಸಂಬಂಧ ಹಸಿರಾಗಿರಲು.

ರೈಲೋ ಬಸ್ಸೋ

ಮೈಸೂರಿಗೆ ಮೂರು ಕಡೆಯಿಂದ ರೈಲು ಹಳಿ ಬರುತ್ತದೆ: ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಬೆಂಗಳೂರಿನದು, ನಂಜನಗೂಡಿನ ಮೇಲೆ ಚಾಮರಾಜನಗರದ 61 ಕಿಲೋಮೀಟರ್ ಹಳಿ, ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ಹಾಸನದ್ದು. ನಿಮ್ಮ ಊರು ಈ ಮೂರರಲ್ಲಿ ಯಾವುದಾದರೊಂದರ ಮಗ್ಗುಲಲ್ಲಿದ್ದು, ರೈಲಿನ ಹೊತ್ತು ತರಗತಿಯ ಹೊತ್ತಿಗೆ ಹೊಂದುವುದಾದರೆ ಎರಡನೇ ಮಾತಿಲ್ಲದೆ ರೈಲು. ಖರ್ಚು ಕಡಿಮೆ, ಕಾಲು ಚಾಚಬಹುದು, ಶೌಚಾಲಯ ಇದೆ, ದಾರಿಯಲ್ಲಿ ಜಾಮ್ ಇಲ್ಲ. ಕಷ್ಟ ಒಂದೇ: ಬೆಳಗಿನದು ಒಂದು ತಪ್ಪಿದರೆ ಇನ್ನೊಂದು ಬರುವ ಹೊತ್ತಿಗೆ ತರಗತಿ ಮುಗಿದಿರುತ್ತದೆ. ಹಾಗಾಗಿ ರೈಲಿನವರೂ ಬಸ್ಸಿನ ಹೊತ್ತು ತಿಳಿದಿರಬೇಕು.

ರೈಲಿಗೆ ದಿನಾ ಟಿಕೆಟ್ ತೆಗೆಸುವುದು ದಂಡ. ಮಾಸಿಕ ಸೀಸನ್ ಟಿಕೆಟ್ ಮಾಡಿಸಿ. 150 ಕಿಲೋಮೀಟರ್‌ವರೆಗೆ ಸಿಗುತ್ತದೆ, ಮೂರು ತಿಂಗಳದ್ದೂ ಇದೆ. ವಿದ್ಯಾರ್ಥಿಗಳಿಗೆ ಅದರಲ್ಲೂ ರಿಯಾಯಿತಿ ಉಂಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೂ ಹೆಚ್ಚು. ಬಹಳ ಮನೆಗಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಪದವಿ ಮುಗಿಯುವವರೆಗೆ ಹುಡುಗಿಯರಿಗೆ, ಹನ್ನೆರಡನೇ ತರಗತಿವರೆಗೆ ಹುಡುಗರಿಗೆ, ಮನೆಗೂ ಕಾಲೇಜಿಗೂ ನಡುವೆ ಎರಡನೇ ದರ್ಜೆಯ ಮಾಸಿಕ ಪಾಸು ಪೂರ್ತಿ ಉಚಿತ. ಮಹಾರಾಣಿ ಕಾಲೇಜಿನಲ್ಲಿ ಬಿ.ಎ. ಓದುವ ಪಾಂಡವಪುರದ ಹುಡುಗಿ ರೈಲಿಗೆ ಕಾಸು ಕೊಡಬೇಕಿಲ್ಲ, ಎಂ.ಎ.ಗೆ ಬಂದ ಮೇಲೆ ರಿಯಾಯಿತಿ ದರ. ಇದಕ್ಕೆ ಕಾಲೇಜಿನ ಮುಖ್ಯಸ್ಥರ ಸಹಿ, ಮೊಹರು ಇರುವ ಪ್ರಮಾಣಪತ್ರ ಬೇಕು. ಅದನ್ನು ಹಿಡಿದು ನಿಲ್ದಾಣದ ಕೌಂಟರಿಗೆ ಹೋಗಬೇಕು. ಸೆಮಿಸ್ಟರಿನ ಮೊದಲ ವಾರ ಕಚೇರಿ ಮುಂದೆ ಜಾತ್ರೆ ಇರುತ್ತದೆ, ಆದ್ದರಿಂದ ಪ್ರವೇಶ ಶುಲ್ಕ ಕಟ್ಟಿದ ದಿನವೇ ಇದನ್ನೂ ಕೇಳಿ ಮಾಡಿಸಿಕೊಳ್ಳಿ. ಸೀಸನ್ ಟಿಕೆಟ್ ಇದೆಯೆಂದು ಕಾಯ್ದಿರಿಸಿದ ಬೋಗಿ ಹತ್ತಿ ಕೂತರೆ ಟಿ.ಟಿ.ಇ. ದಂಡ ಹಾಕುತ್ತಾರೆ. ಸೂಪರ್‌ಫಾಸ್ಟ್ ರೈಲಿಗೆ ಬೇರೆ ಶುಲ್ಕ ಕಟ್ಟಬೇಕು.

ಚಾಮರಾಜನಗರ, ನಂಜನಗೂಡಿನ ಕಡೆಯವರಿಗೆ ಒಂದು ಮಾತು. ನೀವು ಮಹಾರಾಜ ಅಥವಾ ಯುವರಾಜ ಕಾಲೇಜಿನವರಾದರೆ, ರೈಲು ನಿಲ್ಲುವುದಾದರೆ ದೊಡ್ಡ ನಿಲ್ದಾಣದವರೆಗೆ ಹೋಗದೆ ಚಾಮರಾಜಪುರಂನಲ್ಲೇ ಇಳಿಯಿರಿ. ಗಂಗೋತ್ರಿಯವರಿಗೆ ದೊಡ್ಡ ನಿಲ್ದಾಣದಿಂದ ಸುಮಾರು 3 ಕಿಲೋಮೀಟರ್. ಬೆಳಗಿನ ಹೊತ್ತು ಬೇಗ ಬಂದಿದ್ದರೆ ನಡೆದೇ ಹೋಗಬಹುದು; ನಾಲ್ಕು ಜನ ಸೇರಿ ಆಟೋ ಮಾಡಿದರೂ ಕೈ ಸುಡುವುದಿಲ್ಲ.

ಬಸ್ಸಿನ ವಿಷಯ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ನಗರ ಸಾರಿಗೆ, ಸಾಮಾನ್ಯ, ವೇಗದೂತ ಬಸ್ಸುಗಳು ಉಚಿತ. ಫೀಸು ಕಟ್ಟುವುದೇ ಕಷ್ಟ, ಮೇಲೆ ಬಸ್ ಚಾರ್ಜು ಬೇರೆ ಎಂದು ಮಗಳ ಓದು ನಿಲ್ಲಿಸುವ ಮನೆಗಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಹಳ್ಳಿಯ ನಿಲ್ದಾಣದಲ್ಲಿ ಬ್ಯಾಗು ಹಿಡಿದು ನಿಂತ ಹುಡುಗಿಯರನ್ನು ನೋಡಿದರೆ ಸಾಕು. ಎರಡು ವಿಷಯ ನೆನಪಿಡಿ. ಉಚಿತವಾದರೂ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು, ಕರ್ನಾಟಕದ ವಿಳಾಸ ತೋರುವ ಗುರುತಿನ ಚೀಟಿ ಕೈಯಲ್ಲಿರಬೇಕು. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ. ಕೇರಳದ ವಯನಾಡಿನಿಂದಲೋ ತಮಿಳುನಾಡಿನ ತಾಳವಾಡಿಯಿಂದಲೋ ಬಂದು ಓದುವ ಹುಡುಗಿಯರಿಗೂ, ಎಲ್ಲ ಹುಡುಗರಿಗೂ ಶಕ್ತಿ ಇಲ್ಲ. ಹುಡುಗರಿಗೆ ವಿದ್ಯಾರ್ಥಿ ಪಾಸೇ ಗತಿ.

ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ. ಹತ್ತು ತಿಂಗಳ ಅವಧಿ, 60 ಕಿಲೋಮೀಟರ್ ಮಿತಿ. ಪರಿಶಿಷ್ಟರ ರಿಯಾಯಿತಿಗೆ ಜಾತಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಕೇಳುತ್ತದೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಅರ್ಜಿಯಲ್ಲಿ ಮಾರ್ಗ ತುಂಬುವಾಗ ಅವಸರ ಬೇಡ. ‘ಊರಿನಿಂದ ಮೈಸೂರು’ ಎಂದಷ್ಟೇ ಬರೆಸಿ ಬಂದು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ದಿನಾ ಜಗಳವಾಡುವವರಿದ್ದಾರೆ. ಕೊನೆಯ ನಿಲ್ದಾಣ ಮಾನಸಗಂಗೋತ್ರಿ ಎಂದೇ ಇರಲಿ, ಬದಲಿಸುವ ಜಾಗವೂ ಇರಲಿ. ಪಾಸು ಯಾವ ಬಗೆಯ ಬಸ್ಸಿಗೆ ನಡೆಯುತ್ತದೆ ಎಂಬುದನ್ನು ಕೌಂಟರಿನಲ್ಲೇ ಕೇಳಿ ತಿಳಿದುಕೊಳ್ಳಿ.

ಹುಣಸೂರು, ಬಿಳಿಕೆರೆ, ಇಲವಾಲದ ಕಡೆಯವರು ಪುಣ್ಯವಂತರು. ಅವರ ಬಸ್ಸು ಗಂಗೋತ್ರಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಪಡುವಾರಹಳ್ಳಿಯ ಬಳಿ ನಿಲ್ಲಿಸುವ ಬಸ್ಸು ಯಾವುದೆಂದು ತಿಳಿದುಕೊಂಡರೆ ಅರ್ಧ ಗಂಟೆ ಉಳಿತಾಯ. ಮಂಡ್ಯ, ಮದ್ದೂರಿನವರ ಗೋಳು ಇದಕ್ಕೆ ತಿರುಗುಮುರುಗು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರುಗಳನ್ನು ಬಳಸಿಕೊಂಡು ಬೈಪಾಸಿನಲ್ಲಿ ಹೋಗುತ್ತದೆ. ತಡೆರಹಿತ ಬಸ್ಸುಗಳು ಅದರ ಮೇಲೆ ಹಾರಿಹೋಗುತ್ತವೆ, ಊರೊಳಗೆ ಬರುವುದಿಲ್ಲ. ಯಾವ ಬಸ್ಸು ಊರೊಳಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ನಿಲ್ದಾಣದ ಕಂಟ್ರೋಲರ್ ಹತ್ತಿರ ಒಂದು ಸಲ ಕೂತು ಬರೆದುಕೊಳ್ಳುವುದು ಯಾವ ಆ್ಯಪ್‌ಗಿಂತಲೂ ಮೇಲು.

ಬೈಕಿನ ಆಸೆ ಇರುವವರು ಕೇಳಿ: 2023ರ ಆಗಸ್ಟ್ 1ರಿಂದ ಈ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ನಿಷಿದ್ಧ. ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿ ಎದುರಿನಿಂದ ಬರುವ ಟ್ರ್ಯಾಕ್ಟರು, ಕಬ್ಬಿನ ಗಾಡಿ, ದನ, ಎಲ್ಲವೂ ನಿಮ್ಮ ಪಾಲಿಗೆ. ಶ್ರೀರಂಗಪಟ್ಟಣದಂಥ ಹತ್ತಿರದ ಊರಾದರೆ ಸರಿ. ದೂರದವರು ಮಳೆಗಾಲದ ಸಂಜೆ ನೆನೆದುಕೊಂಡು ಓಡಿಸುವ ಸಾಹಸ ಮಾಡದಿರುವುದೇ ಮೇಲು. ಅಪ್ಪಂದಿರು ಬೈಕು ಕೊಡಿಸಿ ಬೈದುಕೊಳ್ಳುವ ಬದಲು ಆ ಕಂತಿನ ದುಡ್ಡಿನಲ್ಲಿ ಕೊನೆಯ ಸೆಮಿಸ್ಟರಿಗೆ ರೂಮು ಮಾಡಿಕೊಡಬಹುದು.

ಪಂಚಾಂಗ ನೋಡುವ ವಿದ್ಯಾರ್ಥಿ

ಓಡಾಡುವವರು ಕ್ಯಾಲೆಂಡರಿನಲ್ಲಿ ಪರೀಕ್ಷೆ ದಿನದ ಜೊತೆ ಇನ್ನೂ ಕೆಲವನ್ನು ಗುರುತು ಹಾಕಿಕೊಳ್ಳಬೇಕು. ಅಮಾವಾಸ್ಯೆ ಬಂದರೆ ಮಹದೇಶ್ವರ ಬೆಟ್ಟಕ್ಕೆ ವಿಶೇಷ ಬಸ್ಸು ಬಿಡುತ್ತಾರೆ. ಆ ದಿನ ಚಾಮರಾಜನಗರ, ಕೊಳ್ಳೇಗಾಲದ ಕಡೆ ಮಾಮೂಲಿ ಬಸ್ಸು ಬರುತ್ತದೆಂದು ನಂಬಿ ನಿಲ್ಲುವಂತಿಲ್ಲ. ನಂಜನಗೂಡಿನ ಕಡೆಯವರಿಗೆ ಹುಣ್ಣಿಮೆ, ಸೋಮವಾರಗಳಲ್ಲಿ, ದೊಡ್ಡ ಜಾತ್ರೆಯ ವಾರದಲ್ಲಿ ಶ್ರೀಕಂಠೇಶ್ವರನ ಭಕ್ತರ ನಡುವೆ ಒಂದು ಕಾಲಿಡಲೂ ಜಾಗವಿರುವುದಿಲ್ಲ. ದಸರೆಯಲ್ಲಿ ಅರಮನೆ ಸುತ್ತಿನ ರಸ್ತೆಗಳೆಲ್ಲ ಅದಲುಬದಲು, ಸಿಟಿ ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬುದೇ ಆ ಹತ್ತು ದಿನದ ದೊಡ್ಡ ಒಗಟು. ದೀಪಾಲಂಕಾರ ನೋಡಲು ಬರುವ ಜನಸಾಗರಕ್ಕೆ ಎದುರಾಗಿ ಈಜುವ ಬದಲು ಆ ಸಂಜೆಗಳಲ್ಲಿ ಒಂದು ಬಸ್ಸು ಮುಂಚೆ ಹೊರಡಿ.

ಮಳೆ ಜೋರಾಗಿ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ಕಪಿಲೆ ಉಕ್ಕಿ, ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯೇ ಮುಳುಗುವುದುಂಟು. 2018, 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಮಂಡ್ಯದವರಿಗೆ ಇನ್ನೊಂದು ಬಗೆಯ ನೀರಿನ ಸಮಸ್ಯೆ: ಕಾವೇರಿ ವಿಷಯ ಕಾವೇರಿದರೆ ಹೆದ್ದಾರಿ ಬಂದ್. 2023ರ ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್, ಕರ್ನಾಟಕ ಬಂದ್ ಒಂದರ ಹಿಂದೆ ಒಂದು ಬಂದವು. ಇವೆಲ್ಲ ಸಾಲದು ಎಂಬಂತೆ ಯಾವುದೋ ಪಕ್ಷದ ಸಮಾವೇಶಕ್ಕೆ ಜನ ತುಂಬಿಕೊಂಡು ಹೋಗಲು ಡಿಪೋದ ಬಸ್ಸುಗಳೆಲ್ಲ ಬಾಡಿಗೆಗೆ ಹೋಗಿರುತ್ತವೆ. ಎಲ್ಲ ಪಕ್ಷಗಳೂ ಇದರಲ್ಲಿ ಸಮಾನರು. ಇಂಥ ದಿನದ ಹಿಂದಿನ ಸಂಜೆ ಡಿಪೋಗೆ ಫೋನು ಮಾಡುವ, ಸ್ಥಳೀಯ ಪತ್ರಿಕೆಯ ಜಿಲ್ಲಾ ಪುಟ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಶೇಕಡ 75ರ ಲೆಕ್ಕ

ಹಾಜರಿ ಶೇಕಡ 75 ಇರಬೇಕು ಎಂದು ಎಲ್ಲರಿಗೂ ಗೊತ್ತು. ಅದರ ಒಳಲೆಕ್ಕ ಹಾಕಿ ನೋಡುವವರು ಕಡಿಮೆ. ಒಂದು ಪತ್ರಿಕೆಗೆ ವಾರಕ್ಕೆ ನಾಲ್ಕು ತರಗತಿ, ಸೆಮಿಸ್ಟರಿಗೆ ಹದಿನಾರು ವಾರ ಎಂದಿಟ್ಟುಕೊಳ್ಳಿ, ಒಟ್ಟು 64. ಅದರ ಕಾಲು ಭಾಗ 16. ಅಂದರೆ ವಾರಕ್ಕೊಂದು ತರಗತಿ ತಪ್ಪಿದರೆ ನಿಮಗಿರುವ ಅವಕಾಶವೆಲ್ಲ ಅಲ್ಲಿಗೇ ಮುಗಿಯಿತು. ಜ್ವರ ಬಂದರೆ, ಅಕ್ಕನ ಮದುವೆಯಾದರೆ, ಬಂದ್ ಆದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಓಡಾಡುವವರಿಗೆ ತಪ್ಪುವುದು ಸಾಮಾನ್ಯವಾಗಿ ಬೆಳಗಿನ ಮೊದಲ ತರಗತಿ. ಅದು ವಾರದಲ್ಲಿ ಮೂರು ದಿನ ಒಂದೇ ಪತ್ರಿಕೆಯದಾಗಿದ್ದರೆ ಆ ಪತ್ರಿಕೆಯೊಂದರಲ್ಲೇ ಸಿಕ್ಕಿಬೀಳುತ್ತೀರಿ. ಒಟ್ಟಾರೆ ಹಾಜರಿ ಚೆನ್ನಾಗಿದೆ ಎಂಬ ಸಮಾಧಾನ ಅಲ್ಲಿ ಕೆಲಸಕ್ಕೆ ಬಾರದು.

ವೇಳಾಪಟ್ಟಿ ಬಂದ ದಿನವೇ ಮೊದಲ ತರಗತಿ ಯಾವ ಪತ್ರಿಕೆಯದು ಎಂದು ನೋಡಿ, ಆ ಅಧ್ಯಾಪಕರನ್ನು ವಾರದೊಳಗೆ ಭೇಟಿ ಮಾಡಿ. ‘ಸರ್, ನಾನು ಕೆ.ಆರ್. ನಗರದಿಂದ ರೈಲಿನಲ್ಲಿ ಬರೋದು, ಹತ್ತು ನಿಮಿಷ ಹೆಚ್ಚುಕಮ್ಮಿ ಆಗಬಹುದು’ ಎಂದು ಮೊದಲೇ ಹೇಳಿದರೆ ಬಹಳಷ್ಟು ಅಧ್ಯಾಪಕರು ಒಪ್ಪುತ್ತಾರೆ; ಅವರಲ್ಲೂ ಹೀಗೇ ಓಡಾಡಿ ಓದಿದವರು ಇರುತ್ತಾರೆ. ಎರಡು ತಿಂಗಳು ತಡವಾಗಿ ಬಂದು, ಹಾಜರಿ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ ಇದೇ ಮಾತು ಹೇಳಿದರೆ ಅದು ನೆಪವಾಗಿ ಕೇಳಿಸುತ್ತದೆ. ಆಯ್ಕೆಯ ಪತ್ರಿಕೆ ಆರಿಸಿಕೊಳ್ಳುವಾಗ ವಿಷಯದ ಆಸಕ್ತಿಯ ಜೊತೆ ಅದು ಎಷ್ಟು ಹೊತ್ತಿಗೆ, ಯಾವ ಕಟ್ಟಡದಲ್ಲಿ ನಡೆಯುತ್ತದೆ ಎಂಬುದನ್ನೂ ಕೇಳಿ. ಸಂಜೆ ಕೊನೆಯ ಗಂಟೆಗೆ ಆವರಣದ ಆ ತುದಿಯಲ್ಲಿ ಇಟ್ಟ ತರಗತಿ ನಿಮ್ಮ ಬಸ್ಸನ್ನು ನುಂಗುತ್ತದೆ.

ಸಿ-1, ಸಿ-2 ಆಂತರಿಕ ಪರೀಕ್ಷೆಗಳ ದಿನ ಮಾಮೂಲಿ ಬಸ್ಸನ್ನು ನಂಬಬೇಡಿ, ಅದರ ಹಿಂದಿನದನ್ನು ಹತ್ತಿ. ಸೆಮಿಸ್ಟರ್ ಕೊನೆಯ ಸಿ-3 ಪರೀಕ್ಷೆಯ ಹಿಂದಿನ ರಾತ್ರಿ ಮೈಸೂರಿನಲ್ಲೇ ಉಳಿಯಲು ಸಾಧ್ಯವಾದರೆ ಉಳಿಯಿರಿ. ಇದನ್ನು ದುಂದುವೆಚ್ಚ ಎನ್ನುವವರು ಒಂದು ವರ್ಷ ಹೆಚ್ಚು ಓದಿದರೆ ಆಗುವ ಖರ್ಚನ್ನೂ ಜೊತೆಗಿಟ್ಟು ನೋಡಲಿ.

ಖಾಲಿ ಗಂಟೆಗಳು

ಮುಖ್ಯವಾದ ವಿಷಯಕ್ಕೆ ಈಗ ಬಂದೆ. ಹನ್ನೊಂದಕ್ಕೆ ಒಂದು ತರಗತಿ ಮುಗಿಯುತ್ತದೆ, ಮುಂದಿನದು ಎರಡಕ್ಕೆ. ಹಾಸ್ಟೆಲಿನವರು ರೂಮಿಗೆ ಹೋಗಿ ಊಟ ಮಾಡಿ, ಸ್ವಲ್ಪ ಮಲಗಿ, ಮುಖ ತೊಳೆದು ಬರುತ್ತಾರೆ. ಓಡಾಡುವವರು ಬ್ಯಾಗು ಹೆಗಲಿಗೇರಿಸಿ ಕ್ಯಾಂಟೀನ್, ಕಲ್ಲುಬೆಂಚು, ಮರದ ನೆರಳು, ಮೊಬೈಲು ಎಂದು ಸುತ್ತಿ ಮೂರು ಗಂಟೆ ಕಳೆಯುತ್ತಾರೆ. ವಾರದಲ್ಲಿ ನಾಲ್ಕು ದಿನ ಹೀಗಾದರೆ ಹನ್ನೆರಡು ಗಂಟೆ. ರಾತ್ರಿ ಎಂಟಕ್ಕೆ ಮನೆ ಸೇರಿ ಊಟ ಮಾಡಿ ‘ಈಗ ಓದಬೇಕು’ ಎಂದು ಕೂರುವವರ ಕಣ್ಣು ಒಂಬತ್ತಕ್ಕೆ ಮುಚ್ಚುತ್ತದೆ. ಓದುವ ಕೆಲಸವನ್ನು ಮನೆಗೆ ಒಯ್ಯಬೇಡಿ ಎಂದೇ ನಾನು ಹೇಳುವುದು. ಗಂಗೋತ್ರಿಯಲ್ಲಿ ಇರುವಷ್ಟು ಹೊತ್ತು ಕಚೇರಿಗೆ ಬಂದವರ ಹಾಗೆ ಕೆಲಸ ಮಾಡಿ. ಮನೆಗೆ ಹೋಗುವಾಗ ಬ್ಯಾಗಿನಲ್ಲಿ ನಾಳೆಗೆ ಬೇಕಾದ ಒಂದೆರಡು ಪುಟ ಮಾತ್ರ ಇರಲಿ.

ಇದಕ್ಕೆ ಕೂರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಮುಖ್ಯ ಗ್ರಂಥಾಲಯ ಒಂದು. ನಿಮ್ಮ ವಿಭಾಗದಲ್ಲೇ ಪುಟ್ಟ ಗ್ರಂಥಾಲಯ ಇದ್ದರೆ ಅದು ಇನ್ನೂ ಒಳ್ಳೆಯದು. ಅಲ್ಲಿ ಕೂತವರನ್ನು ಅಧ್ಯಾಪಕರು ದಿನಾ ನೋಡುತ್ತಾರೆ, ಮುಖ ಪರಿಚಯವಾಗುತ್ತದೆ, ಯಾವುದೋ ಉಪನ್ಯಾಸಕ್ಕೋ ಯೋಜನೆಗೋ ಜನ ಬೇಕಾದಾಗ ಮೊದಲು ನೆನಪಾಗುವುದು ಆ ಮುಖ. ಗ್ರಂಥಾಲಯದ ಅಟೆಂಡರ್ ಹತ್ತಿರ ಸ್ನೇಹದಿಂದಿರಿ. ಟಿಫಿನ್ ಡಬ್ಬಿಯನ್ನೋ ರೆಕಾರ್ಡ್ ಪುಸ್ತಕವನ್ನೋ ಮೂಲೆಯಲ್ಲಿಡಲು ಅವರು ಒಪ್ಪಿದರೆ ಬೆನ್ನಿನ ಭಾರ ಅರ್ಧ ಇಳಿಯುತ್ತದೆ. ಹಾಸ್ಟೆಲಿನ ಗೆಳೆಯರ ರೂಮಿನಲ್ಲಿ ಒಂದು ಚೀಲ ಇಡಲು ಸಾಧ್ಯವಾದರೆ ಛತ್ರಿ, ಒಂದು ಜೊತೆ ಬಟ್ಟೆ, ಟವಲು, ಹೆಚ್ಚುವರಿ ಚಾರ್ಜರ್ ಅಲ್ಲಿರಲಿ.

ಹಾಸ್ಟೆಲಿನಲ್ಲಿ ಒಬ್ಬರಾದರೂ ಆಪ್ತರು ಇರಬೇಕಾದ್ದು ಚೀಲ ಇಡಲಿಕ್ಕೆ ಮಾತ್ರವಲ್ಲ. ವಿಭಾಗದ ನಿಜವಾದ ಸುದ್ದಿ ಹರಿದಾಡುವುದು ರಾತ್ರಿ ಊಟದ ಸಾಲಿನಲ್ಲಿ: ನಾಳೆ ಬೆಳಗಿನ ತರಗತಿ ಇಲ್ಲ, ಹಳೆಯ ಪ್ರಶ್ನೆಪತ್ರಿಕೆ ಯಾರ ಹತ್ತಿರ ಇದೆ, ನೆಟ್ ಪರೀಕ್ಷೆಗೆ ಯಾರು ಹೇಗೆ ಓದುತ್ತಿದ್ದಾರೆ, ಯಾವ ಮೇಷ್ಟ್ರ ಕೈಕೆಳಗೆ ಪಿಎಚ್.ಡಿ. ಜಾಗ ಖಾಲಿಯಾಗುತ್ತದೆ. ವಾಟ್ಸಾಪ್ ಗುಂಪಿಗೆ ಬರುವುದು ಇದರ ಕಾಲು ಭಾಗ. ಆ ಗೆಳೆತನಕ್ಕೆ ಪ್ರತಿಯಾಗಿ ನೀವು ಕೊಡಬಹುದಾದ್ದೂ ಬೇಕಾದಷ್ಟಿದೆ. ಹಾಸ್ಟೆಲಿನ ಸಾರು ತಿಂದು ಬೇಸತ್ತವರಿಗೆ ಮನೆಯ ಡಬ್ಬಿಗಿಂತ ದೊಡ್ಡ ಉಡುಗೊರೆ ಇಲ್ಲ.

ಸಂಜೆಯ ವಿಷಯ. ರಂಗಾಯಣ ಇರುವುದು ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲಿ, ಗಂಗೋತ್ರಿಯಿಂದ ನಡೆದು ಹೋಗುವಷ್ಟು ಹತ್ತಿರ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ ಬಹುರೂಪಿ ನಾಟಕೋತ್ಸವಕ್ಕೆ ದೂರದೂರದಿಂದ ಜನ ಬರುತ್ತಾರೆ. ಎರಡು ವರ್ಷ ಪಕ್ಕದಲ್ಲೇ ಓದಿ ಒಂದೂ ನಾಟಕ ನೋಡದೆ ಪದವಿ ಪಡೆದು ಹೋದ ಓಡಾಟದವರು ಎಷ್ಟೋ ಮಂದಿ. ಎಲ್ಲ ಸಂಜೆಯೂ ಉಳಿಯಲಾಗದು, ಉಳಿಯಬೇಕಾಗಿಯೂ ಇಲ್ಲ. ತಿಂಗಳಿಗೆ ಒಂದೆರಡು ಸಂಜೆ ಆರಿಸಿ, ಮನೆಯಲ್ಲಿ ಮೊದಲೇ ಹೇಳಿ, ಉಳಿಯುವ ಜಾಗ ಗೊತ್ತು ಮಾಡಿಕೊಂಡು ಉಳಿಯಿರಿ. ಉಳಿದಂತೆ ಮಧ್ಯಾಹ್ನದ ವಿಚಾರ ಸಂಕಿರಣಗಳು, ತೆರೆದಿದ್ದರೆ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಕೆರೆಯ ಏರಿಯ ಮೇಲಿನ ಹಕ್ಕಿಗಳು ನಿಮ್ಮ ಹೊತ್ತಿಗೂ ಸಿಗುತ್ತವೆ.

ಬಸ್ಸಿನಲ್ಲಿ ಓದುವುದು ಎಂಬ ಭ್ರಮೆ

ಓಡಾಟದ ಹೊತ್ತನ್ನು ಓದಿಗೆ ಬಳಸಿ ಎಂದು ಉಪದೇಶ ಮಾಡುವವರು ಬೆಳಗಿನ ನಂಜನಗೂಡು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತು, ‘ಒಳಗೆ ನಡೀರಪ್ಪಾ, ಒಳಗೆ ನಡೀರಿ’ ಎಂಬ ಕೂಗಿನ ನಡುವೆ ಕಾವ್ಯಮೀಮಾಂಸೆ ಓದಿ ತೋರಿಸಲಿ. ಬಸ್ಸಿನಲ್ಲಿ ಓದಿದರೆ ಕೆಲವರಿಗೆ ವಾಂತಿ ಬರುತ್ತದೆ, ಉಳಿದವರಿಗೆ ನಿದ್ದೆ. ರೈಲಿನಲ್ಲಿ ಸೀಟು ಸಿಕ್ಕಿದರೆ ಬೆಳಗ್ಗೆ ಹಿಂದಿನ ದಿನದ ಟಿಪ್ಪಣಿ ಒಮ್ಮೆ ತಿರುವಿಹಾಕಬಹುದು, ಅಷ್ಟು ಸಾಕು. ಬಸ್ಸಿನಲ್ಲಾದರೆ ಕಿವಿಗೆ ಹಾಕಿಕೊಂಡು ಉಪನ್ಯಾಸ ಕೇಳುವುದು ನಡೆದೀತು. ಸಂಜೆಯ ಪ್ರಯಾಣವನ್ನು ನಿದ್ದೆಗೋ ಹರಟೆಗೋ ಬಿಟ್ಟುಬಿಡಿ. ಅದು ಹಾಳಾದ ಹೊತ್ತಲ್ಲ.

ರೈಲಿನಲ್ಲಿ ಹತ್ತಾರು ವರ್ಷದಿಂದ ಓಡಾಡುವ ಬ್ಯಾಂಕಿನವರು, ಮೇಷ್ಟ್ರುಗಳು, ಕಚೇರಿಯವರು ಸಿಗುತ್ತಾರೆ. ಯಾವ ಬೋಗಿ ಯಾವ ನಿಲ್ದಾಣದಲ್ಲಿ ಖಾಲಿಯಾಗುತ್ತದೆ, ಯಾವ ದಿನ ರೈಲು ತಡ, ಎಲ್ಲಿ ಇಳಿದರೆ ಆಟೋ ಸುಲಭ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪರಿಚಯ ಮಾಡಿಕೊಳ್ಳಿ. ಊರ ಕಡೆಯ ಹುಡುಗಿ ಎಂದು ಗೊತ್ತಾದರೆ ಸೀಟು ಹಿಡಿದು ಕರೆಯುವ ಅಕ್ಕಂದಿರು ಪ್ರತಿ ಬೋಗಿಯಲ್ಲೂ ಇರುತ್ತಾರೆ.

ಮನೆಯವರ ಜೊತೆ ಒಂದು ಒಪ್ಪಂದ

ಮಗ ಮನೆಯಿಂದಲೇ ಓಡಾಡುತ್ತಾನೆ ಎಂದರೆ ಮನೆಯ ಕೆಲಸಕ್ಕೂ ಸಿಗುತ್ತಾನೆ ಎಂದೇ ಎಲ್ಲರ ಲೆಕ್ಕ. ಡೇರಿಗೆ ಹಾಲು, ಗದ್ದೆಗೆ ನೀರು ತಿರುಗಿಸುವುದು, ತಂಗಿಯ ಟ್ಯೂಷನ್. ಹೆಣ್ಣುಮಕ್ಕಳಿಗೆ ಅಡುಗೆಮನೆ ಕೂಡ. ಇದನ್ನು ಜಗಳ ಮಾಡಿ ಬಿಡಿಸಿಕೊಳ್ಳಲಾಗದು. ಸೆಮಿಸ್ಟರಿನ ಮೊದಲಲ್ಲೇ ಸಿ-1, ಸಿ-2, ಪರೀಕ್ಷೆ, ಪ್ರಾಜೆಕ್ಟ್ ಒಪ್ಪಿಸುವ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ‘ಅಪ್ಪಾ, ಈ ವಾರ ನನ್ನನ್ನ ಯಾವ ಕೆಲಸಕ್ಕೂ ಕರೀಬೇಡಿ, ಉಳಿದ ದಿನ ಮಾಡ್ತೀನಿ’ ಎಂದು ಕೂತು ಹೇಳಿ. ಬೇಸಾಯದ ಮನೆಗೆ ಹಂಗಾಮಿನ ಮಾತು ಬೇಗ ಅರ್ಥವಾಗುತ್ತದೆ.

ನೀವು ಆರೂವರೆ ಬಸ್ಸು ಹಿಡಿಯಬೇಕಾದರೆ ನಿಮಗಿಂತ ಒಂದು ಗಂಟೆ ಮುಂಚೆ ಅಮ್ಮ ಎದ್ದಿರುತ್ತಾರೆ. ಡಬ್ಬಿ ಕಟ್ಟುವ ಕೆಲಸವನ್ನು ವಾರದಲ್ಲಿ ಎರಡು ದಿನವಾದರೂ ನೀವೇ ಮಾಡಿಕೊಳ್ಳಿ. ಚಿತ್ರಾನ್ನ, ಮೊಸರನ್ನ ಕಲಸಲು ಬಾರದವರು ಸ್ನಾತಕೋತ್ತರ ಪದವಿ ಪಡೆದು ಮಾಡುವುದೇನು? ತಿಂಡಿ ತಿನ್ನದೆ ಹೊರಟು ಕ್ಯಾಂಟೀನಿನ ಬೋಂಡಾದಲ್ಲಿ ಮಧ್ಯಾಹ್ನದವರೆಗೆ ತಳ್ಳುವ ಚಾಳಿ ಬಿದ್ದರೆ ಒಂದೇ ಸೆಮಿಸ್ಟರಿನಲ್ಲಿ ಹೊಟ್ಟೆ ಹೇಳುತ್ತದೆ.

ಹುಡುಗಿಯರ ವಿಷಯದಲ್ಲಿ ಎಲ್ಲ ಮನೆಗಳೂ ಹೆದರುವುದು ಕೊನೆಯ ಒಂದು ಕಿಲೋಮೀಟರಿಗೆ: ಮುಖ್ಯರಸ್ತೆಯಲ್ಲಿ ಬಸ್ಸಿಳಿದು ಹಳ್ಳಿಗೆ ನಡೆಯುವ ಕತ್ತಲ ದಾರಿ. ಒಂದೇ ಊರಿನ ಇಬ್ಬರು ಮೂವರು ಒಂದೇ ಬಸ್ಸಿಗೆ ಬರುವಂತೆ ಹೊಂದಿಸಿಕೊಳ್ಳಿ. ಕರೆದೊಯ್ಯಲು ಅಣ್ಣನೋ ಅಪ್ಪನೋ ಬರುವುದಾದರೆ ಬಸ್ಸು ಹತ್ತಿದಾಗಲೇ ಫೋನು ಮಾಡಿ, ಇಳಿದ ಮೇಲಲ್ಲ. ತುರ್ತಿಗೆ 112. ಕೊನೆಯ ಬಸ್ಸು ತಪ್ಪಿದರೆ ಎಲ್ಲಿ ಹೋಗಬೇಕು ಎಂಬುದು ಆ ರಾತ್ರಿ ಯೋಚಿಸುವ ವಿಷಯವಾಗಬಾರದು. ಮೈಸೂರಿನಲ್ಲಿ ಒಂದು ಮನೆ, ಒಬ್ಬ ಗೆಳತಿಯ ಹಾಸ್ಟೆಲ್ ಮೊದಲೇ ಮಾತಾಗಿರಲಿ, ಅಮ್ಮನಿಗೂ ಅವರ ನಂಬರು ಗೊತ್ತಿರಲಿ. ತಿಂಗಳ ಆ ದಿನಗಳಿಗೆ ಬೇಕಾದ್ದು ಬ್ಯಾಗಿನ ಒಂದು ಖಾನೆಯಲ್ಲಿ ಯಾವಾಗಲೂ ಇರಲಿ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಲಾರದೆ ನೀರು ಕುಡಿಯುವುದನ್ನೇ ಬಿಡುವ ಹುಡುಗಿಯರಿದ್ದಾರೆ, ಹಾಗೆ ಮಾಡಬೇಡಿ. ವಿಭಾಗದಿಂದ ಹೊರಡುವ ಮುಂಚೆ ಅಲ್ಲಿನ ಮಹಿಳೆಯರ ಕೊಠಡಿ ಬಳಸಿ, ಅದು ಸರಿಯಿಲ್ಲದಿದ್ದರೆ ಹತ್ತು ಜನ ಸಹಿ ಹಾಕಿ ಮುಖ್ಯಸ್ಥರಿಗೆ ಅರ್ಜಿ ಕೊಡಿ.

ದುಡ್ಡು, ಮತ್ತು ಯಾವಾಗ ಓಡಾಟ ನಿಲ್ಲಿಸಬೇಕು

ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ತುಂಬುವಾಗ ಹಾಸ್ಟೆಲಿನವರೋ ಹೊರಗಿನವರೋ ಎಂಬ ಪ್ರಶ್ನೆ ಬರುತ್ತದೆ. ನಿಜವಿದ್ದದ್ದನ್ನೇ ಬರೆಯಿರಿ, ನಡುವೆ ಬದಲಾದರೆ ತಿದ್ದಿಸಿ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಎಂಬ ಯೋಜನೆ ಇದೆ. ಊಟ, ವಸತಿಗೆಂದು ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಹಣ ಖಾತೆಗೆ ಬರುತ್ತದೆ. ಆದಾಯ, ಅಂತರದ ಷರತ್ತುಗಳನ್ನು ಆಯಾ ವರ್ಷದ ಸುತ್ತೋಲೆಯಲ್ಲಿ ನೋಡಿ, ಕೊನೆಯ ದಿನಕ್ಕೆ ಕಾಯಬೇಡಿ. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆಯಿಂದ ತಡೆದುನಿಂತ ಅರ್ಜಿಗಳೇ ಹೆಚ್ಚು.

ಮೊದಲ ವರ್ಷ ಹಾಸ್ಟೆಲ್ ಸಿಗಲಿಲ್ಲವೆಂದು ಎರಡನೇ ವರ್ಷ ಅರ್ಜಿಯನ್ನೇ ಹಾಕದವರು ಬಹಳ. ಹಿರಿಯರು ಮುಗಿಸಿ ಹೋದಂತೆ ಜಾಗ ಬಿಡುವಾಗುತ್ತದೆ, ಮತ್ತೆ ಹಾಕಿ. ಪ್ರಯೋಗಾಲಯದ ವಿಷಯ ಓದುವವರು ಕೊನೆಯ ಸೆಮಿಸ್ಟರಿಗಾದರೂ ಮೈಸೂರಿನಲ್ಲಿ ಇರುವ ಏರ್ಪಾಡು ಮಾಡಿಕೊಳ್ಳಬೇಕು. ರಾಸಾಯನಿಕ ಕ್ರಿಯೆ ಕೊನೆಯ ಬಸ್ಸಿಗಾಗಿ ಅವಸರ ಮಾಡುವುದಿಲ್ಲ. ಕನ್ನಡ, ಇತಿಹಾಸ, ಅರ್ಥಶಾಸ್ತ್ರದವರು ಪ್ರಬಂಧದ ಕೊನೆಯ ಎರಡು ತಿಂಗಳು ಹೊಂದಿಸಿಕೊಂಡರೆ ಸಾಕಾದೀತು. ಮೂವರು ಸೇರಿ ಪಡುವಾರಹಳ್ಳಿಯಲ್ಲೋ ಬೋಗಾದಿಯಲ್ಲೋ ಒಂದು ಕೋಣೆ ಹಿಡಿಯುವಾಗ ಮುಂಗಡ ಎಷ್ಟು, ಅದರಲ್ಲಿ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ನೀರು ದಿನಕ್ಕೆಷ್ಟು ಹೊತ್ತು ಬರುತ್ತದೆ ಎಂದು ಕೇಳಿ, ಕೊಟ್ಟ ದುಡ್ಡಿಗೆ ಚೀಟಿ ಬರೆಸಿಕೊಳ್ಳಿ. ಸೀಸನ್ ಟಿಕೆಟನ್ನು ಆ ತಿಂಗಳಿಗೆ ನವೀಕರಿಸಬೇಡಿ. ಬಸ್ ಪಾಸು ಮಾತ್ರ ಅವಧಿ ಮುಗಿಯುವವರೆಗೆ ಜೇಬಿನಲ್ಲಿರಲಿ, ಶನಿವಾರ ಸಂಜೆ ಊರಿಗೆ ಹೋಗಲು ಬೇಕಾಗುತ್ತದೆ.